ಗಂಡನ ಕಾಯಿ ಹೊಡೆದ ಮಧ್ಯಾಹ್ನ

ಔರಾದಿನ ಆ ಓಣಿಗೆ ನೀರಿನ ಟ್ಯಾಂಕರು ಯಾವ ಹೊತ್ತಿಗೆ ಬರುತ್ತದೆಂಬುದು ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಕೊಡಗಳು ಬೆಳಿಗ್ಗೆಯೇ ಸಾಲಿನಲ್ಲಿ ಕೂಡುತ್ತಿದ್ದವು. ಕೊಡಗಳ ಒಡತಿಯರು ಬೇವಿನ ಗಿಡದ ಕೆಳಗೆ ಕೂತು ಮೊಬೈಲಿನಲ್ಲಿ ಆಟ ಆಡುತ್ತಿದ್ದರು. ಮಳೆ ಕೈಕೊಟ್ಟು ಎರಡನೇ ವರ್ಷ. ಓಣಿಯ ಗಂಡಸರಲ್ಲಿ ಅರ್ಧಕ್ಕರ್ಧ ಜನ ಹೈದರಾಬಾದು, ಪುಣೆ ಎಂದು ಹೋಗಿದ್ದರು. ಬಾವಿಯಲ್ಲಿ ನೀರು ಸಿಗದಿದ್ದರೂ ಫೋನಿನಲ್ಲಿ ಆಟ ದಂಡಿಯಾಗಿ ಸಿಗುತ್ತಿತ್ತು. ನೆಟ್ ಅಷ್ಟು ಅಗ್ಗವಾಗಿತ್ತು.

ಆಡುವುದಕ್ಕಿಂತ ಆಟಗಳನ್ನು ಬಯ್ಯುವುದರಲ್ಲಿ ಹೆಚ್ಚು ಸುಖವಿತ್ತು.

ಶೇವಂತಾಬಾಯಿಗೆ ಮೊದಲು ಹೊಲದ ಆಟ ತೋರಿಸಿದ್ದರು. ಬೀಜ ಚೆಲ್ಲಿದರೆ ಚಹಾ ಕುದಿಯುವುದರೊಳಗೆ ಬೆಳೆ ಬರುತ್ತಿತ್ತು. ಎರಡು ದಿನ ಆಡಿ ಆಕೆ ಫೋನನ್ನು ಆಚೆ ಸರಿಸಿದಳು. "ಕಳೆ ಇಲ್ಲ, ಕಾಡಹಂದಿ ಇಲ್ಲ, ಪಾಲು ಕೇಳೋ ಮೈದುನ ಇಲ್ಲ. ಇದೇನ್ ಹೊಲ ಏನವಾ? ಜಗಳ ಆಡಲಾಕ ಒಬ್ರೂ ಸಿಗಂಗಿಲ್ಲ."

ಮಿಠಾಯಿ ಸಾಲಾಗಿ ಕೂಡಿಸುವ ಆಟವನ್ನು ಮರಿಯಮಬೀ ಬಿಟ್ಟದ್ದು ಸಕ್ಕರೆ ಕಾಯಿಲೆಯ ಕಾರಣಕ್ಕೆ. ನೋಡಿ ನೋಡಿ ಬಾಯಲ್ಲಿ ನೀರು ಬಂದು, ಮನೆಗೆ ಹೋಗಿ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದಳು. ಪೊಲೀಸಿನವನಿಂದ ತಪ್ಪಿಸಿಕೊಂಡು ರೈಲು ಹಳಿಯ ಮೇಲೆ ಓಡುವ ಹುಡುಗನ ಆಟವನ್ನಂತೂ ಇಡೀ ಓಣಿ ತಿರಸ್ಕರಿಸಿತ್ತು. ಅವನು ಯಾಕೆ ಓಡುತ್ತಾನೆ, ಎಲ್ಲಿಗೆ ಓಡುತ್ತಾನೆ, ಅವನ ತಾಯಿ ಏನು ಮಾಡುತ್ತಿದ್ದಾಳೆ, ಒಂದಕ್ಕೂ ಉತ್ತರವಿರಲಿಲ್ಲ.

ಮರಿಯಮಬೀಯ ಸೊಸೆ ಕುಬರಾ ಮಾತ್ರ ಬಂದೂಕಿನ ಆಟದವಳು. ನೂರು ಮಂದಿ ವಿಮಾನದಿಂದ ಜಿಗಿದು ಒಬ್ಬರನ್ನೊಬ್ಬರು ಕೊಂದು, ಕೊನೆಗೆ ಉಳಿದವರೇ ಗೆದ್ದ ಹಾಗೆ.

"ನೂರು ಮಂದಿ ಜಿಗೀತಾರ, ಒಬ್ರ ಕೈಯಾಗೂ ಕೊಡ ಇಲ್ಲ," ಎಂದು ಮರಿಯಮಬೀ ಗೊಣಗುತ್ತಿದ್ದಳು. "ಮನ್ಯಾಗ ಹಲ್ಲಿ ಕಂಡ್ರ ಕಿರಚತಾಳ, ಇಲ್ಲಿ ನೋಡು, ಹೆಣದ ಮ್ಯಾಲ ಹೆಣ."

"ಅಮ್ಮೀ, ಹಲ್ಲಿ ಹೊಡಿಲಾಕ ಬಂದೂಕ ಕೊಡ್ರಿ, ಅದೂ ಹೊಡೀತೇನಿ," ಎನ್ನುತ್ತಿದ್ದಳು ಕುಬರಾ.

ಎಲ್ಲರೂ ಒಪ್ಪಿದ್ದು ಲೂಡೊ ಒಂದನ್ನೇ. ಚಿಕ್ಕವರಿದ್ದಾಗ ಆಡಿದ ಚೌಕಾಬಾರದ ತಮ್ಮನಂತಿತ್ತು ಅದು. ಅದಕ್ಕೂ ಮರಿಯಮಬೀಯ ತಕರಾರಿತ್ತು. "ಹುಣಸಿ ಬೀಜ ಆದ್ರ ಬೆರಳಿನಾಗ ಒಂದೀಟು ತಿರುವಿ ಒಗದ್ರ ಬೇಕಾದ್ದು ಬೀಳ್ತಿತ್ತು. ಈ ಫೋನಿನ ದಾಳ ಯಾರ ಮಾತೂ ಕೇಳಂಗಿಲ್ಲ. ಮೋಸ ಮಾಡಲಾಕೇ ಬರಂಗಿಲ್ಲ ಅಂದ್ರ ಅದೆಂಥಾ ಆಟ?"

ರುಕ್ಮಿಣಿಬಾಯಿ ಯಾವ ಆಟದ ಬಗ್ಗೆಯೂ ಅಭಿಪ್ರಾಯ ಹೇಳುತ್ತಿರಲಿಲ್ಲ. ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಿದ್ದವಳು ಅವಳು. ಗಂಡ ಏಕನಾಥ ಪುಣೆಯಲ್ಲಿ, ಕಟ್ಟುತ್ತಿದ್ದ ಒಂದು ಬಿಲ್ಡಿಂಗಿಗೆ ವಾಚಮನ್. ಒಬ್ಬಳೇ ಮಗಳನ್ನು ಭಾಲ್ಕಿಗೆ ಕೊಟ್ಟಾಗಿತ್ತು. ಸಂಜೆ ಡ್ಯೂಟಿಗೆ ಹೋಗುವ ಮೊದಲು ಏಕನಾಥ ಫೋನಿನಲ್ಲೇ ಹೆಂಡತಿಯ ಜೊತೆ ಲೂಡೊ ಆಡುತ್ತಿದ್ದ. ದಿನಾ ಅವನೇ ಗೆಲ್ಲುತ್ತಿದ್ದ.

ಗೆಲ್ಲದೆ ಏನು ಮಾಡಿಯಾನು? ಅವನ ಕಾಯಿ ಎದುರಿಗೇ ಸಿಕ್ಕರೂ ರುಕ್ಮಿಣಿ ಬೇರೆ ಕಾಯಿ ನಡೆಸುತ್ತಿದ್ದಳು. ಯಾರೂ ಹಾಗೆ ಮಾಡೆಂದು ಈಗ ಹೇಳಿರಲಿಲ್ಲ. ಹೇಳಿದ್ದು ಮದುವೆಯ ದಿನ. ಅರಿಶಿನ ನೀರಿನ ಕೊಡದಲ್ಲಿ ಉಂಗುರ ಹಾಕಿ ಗಂಡು ಹೆಣ್ಣು ಇಬ್ಬರೂ ಕೈಯಾಡಿಸಿ ಹುಡುಕುವ ಶಾಸ್ತ್ರವಿದೆಯಲ್ಲ, ಯಾರಿಗೆ ಸಿಗುತ್ತದೋ ಮನೆಯಲ್ಲಿ ಅವರದೇ ನಡೆಯುತ್ತದೆ ಎನ್ನುವುದು. ಉಂಗುರ ರುಕ್ಮಿಣಿಯ ಬೆರಳಿಗೇ ಸಿಕ್ಕಿತ್ತು. ಹಿಂದೆ ಕೂತಿದ್ದ ಅತ್ತೆಮ್ಮ ಸೊಂಟ ಚಿವುಟಿದಳು. ರುಕ್ಮಿಣಿ ಅದನ್ನು ನೀರಿನಲ್ಲೇ ಗಂಡನ ಬೆರಳಿಗೆ ತಳ್ಳಿದಳು. ಅವನು ಕೈಯೆತ್ತಿ ತೋರಿಸಿದಾಗ ಇಡೀ ಹಂದರ ಚಪ್ಪಾಳೆ ಹೊಡೆಯಿತು. ಅಂಥ ಮನುಷ್ಯನಿಗೆ ಲೂಡೊ ಬಿಟ್ಟುಕೊಡುವುದು ಯಾವ ದೊಡ್ಡ ಮಾತು?

ಪೇಚಿಗೆ ಬಂದದ್ದು ಬೇರೆ. ಏಕನಾಥ ತಗಡಿನ ಖೋಲಿಯಲ್ಲಿ ಊರ ಕಡೆಯ ಠಾಣಾ ಕುಶನೂರಿನ ನಾಲ್ವರ ಜೊತೆ ಇದ್ದ. ಐವರಿಗೂ ಒಂದು ಬೇಳೆ ಕುದಿಸಲು ಬರುತ್ತಿರಲಿಲ್ಲ. ಒಬ್ಬ ಹೆಂಡತಿ ಬಂದರೆ ಐದು ಹೊಟ್ಟೆಗೆ ಬಿಸಿ ರೊಟ್ಟಿ ಎಂದು ಅವರು ಲೆಕ್ಕ ಹಾಕಿದ್ದರು. ಆ ಒಬ್ಬ ಹೆಂಡತಿ ಯಾರೆಂದೂ ಠರಾಯಿಸಿದ್ದರು.

"ನೀ ಒಬ್ಬಾಕಿ ಅಲ್ಲಿ ಕುಂತು ಏನ್ ಮಾಡ್ತಿ? ಬಂದುಬಿಡು," ಎಂದ ಏಕನಾಥ.

ರುಕ್ಮಿಣಿಗೆ ಹೋಗುವ ಮನಸ್ಸಿರಲಿಲ್ಲ. ಗಂಡನ ಮೇಲೆ ಸಿಟ್ಟಿತ್ತೆಂದಲ್ಲ. ಅವನು ಹೊಡೆಯುವವನಲ್ಲ, ಕುಡಿಯುವವನಲ್ಲ. ಆದರೆ ಅವನು ಹೋದ ಮೇಲೆ ಅವಳಿಗೆ ಕೆಲವು ಸಂಗತಿ ಗೊತ್ತಾಗಿದ್ದವು. ಸಂಜೆ ಅಡುಗೆ ಮಾಡದಿದ್ದರೆ ಮನೆಯ ತೊಲೆ ಬೀಳುವುದಿಲ್ಲ. ಬೆಳಗಿನ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು, ಕಾಲು ಚಾಚಿ, ಗೋಡೆ ನೋಡುತ್ತ ಉಣ್ಣಬಹುದು. ಪಡಸಾಲೆಯ ನಟ್ಟನಡುವೆ, ಗಾಳಿ ಬರುವ ಜಾಗದಲ್ಲಿ ಮಲಗಬಹುದು. ಅಷ್ಟು ವರ್ಷ ಆ ಜಾಗ ಅವನದಾಗಿತ್ತು. ಅವಳು ಬಾಗಿಲ ಸಂದಿಯಲ್ಲಿ ಮುದುಡಿ ಮಲಗುತ್ತಿದ್ದಳು, ಅದು ಮುದುಡುವುದು ಎಂದೂ ತಿಳಿದಿರಲಿಲ್ಲ. ಇಂಥದ್ದನ್ನೆಲ್ಲ ಗಂಡನಿಗೆ ಹೇಗೆ ಹೇಳುವುದು? ಗಾಳಿಗೋಸ್ಕರ ಹೆಂಡತಿ ಬರಲಿಲ್ಲವಂತೆ ಎಂದರೆ ಜನ ಏನಂದಾರು? ಅವಳು ನೆವ ಹುಡುಕಿದಳು. ಮೊದಲು ಹೊಲಿಗೆ ಬಾಕಿ ಇದೆ ಎಂದಳು. ಆಮೇಲೆ ಮಗಳು ಬರುವವಳಿದ್ದಾಳೆ ಎಂದಳು. ಒಮ್ಮೆ ಸಂತಪುರದ ತವರಿನಲ್ಲಿ ಇಲ್ಲದ ಕಾಕಿಗೆ ಕಾಯಿಲೆಯನ್ನೂ ತರಿಸಿದಳು.

"ಲೂಡೊ ಆಡಲಾಕ ಬರಂಗಿಲ್ಲ ನಿನಗ, ಒಬ್ಬಾಕಿ ಹ್ಯಾಂಗ ಸಂಭಾಳಿಸ್ತಿ?" ಎಂದು ಏಕನಾಥ ನಕ್ಕ. ಫೋನು ಸ್ಪೀಕರಿನಲ್ಲಿತ್ತು. ಅಲ್ಲಿ ನಾಲ್ವರು, ಇಲ್ಲಿ ಮೂವರು ಕೇಳುತ್ತಿದ್ದರು. "ನಡಿ, ನಾಳೆ ಒಂದು ಆಟ. ನೀ ಗೆದ್ರ ಅಲ್ಲೇ ಇರು. ನಾ ಗೆದ್ರ ಸೋಮವಾರ ಬೀದರಿಗಿ ಹೋಗಿ ಪುಣೆ ಬಸ್ ಹತ್ತು."

"ಆಯ್ತ್ರಿ," ಎಂಬ ಮಾತು ರುಕ್ಮಿಣಿಯ ಬಾಯಿಂದ ಬಿದ್ದೇ ಹೋಯಿತು. ದಿನಾ ಹೇಳುವ ಮಾತು, ರೂಢಿಯಿಂದ ತಾನೇ ಉರುಳಿತು.

"ನಾ ಸಾಕ್ಷಿ," ಎಂದಳು ಶೇವಂತಾಬಾಯಿ ತಕ್ಷಣ. ಆಕೆ ಏಕನಾಥನ ಅಕ್ಕ. ತಮ್ಮನ ಕಣ್ಣು ಕಿವಿ ಎರಡೂ ಆ ಓಣಿಯಲ್ಲಿ ಆಕೆಯೇ.

ಮರುದಿನ ಮಧ್ಯಾಹ್ನ ಬೇವಿನ ಕೆಳಗೆ ಜಾತ್ರೆ. ಆಟ ರುಕ್ಮಿಣಿಯ ಫೋನಿನಲ್ಲಿ, ಮಾತು ಕುಬರಾಳ ಫೋನಿನಲ್ಲಿ. ಕುಬರಾ ಕಿವಿಯ ಹತ್ತಿರ ಬಂದು, "ಮೌಸಿ, ಕಂಡ ಕಾಯಿ ಬಿಡಬ್ಯಾಡ್ರಿ. ನೀವು ದಿನಾ ಬಿಡೋದು ನಾ ನೋಡೇನಿ," ಎಂದು ಪಿಸುಗುಟ್ಟಿದಳು.

ರುಕ್ಮಿಣಿಯ ಮುಖ ಕೆಂಪಾಯಿತು. ಕಳ್ಳತನ ಸಿಕ್ಕಿಬಿದ್ದ ಹಾಗೆ.

ಆಟ ಶುರುವಾಯಿತು. ಆರು ಬಿದ್ದು ಕಾಯಿಗಳು ಹೊರಬಂದವು. ಅವಳ ಹಳದಿ ಕಾಯಿ ನಾಲ್ಕು, ಅವನ ಕೆಂಪು ನಾಲ್ಕು. ಸ್ವಲ್ಪ ಹೊತ್ತಿಗೆ ಅವನ ಒಂದು ಕಾಯಿ ಸುತ್ತೆಲ್ಲ ಮುಗಿಸಿ, ಇನ್ನೇನು ಹಣ್ಣಾಗುವ ಸಾಲಿಗೆ ತಿರುಗಬೇಕು ಅನ್ನುವಾಗ, ಅವಳಿಗೆ ನಾಲ್ಕು ಬಿತ್ತು. ನಾಲ್ಕು ಮನೆ ಮುಂದೆ ಅವನ ಕಾಯಿ. ಬೆರಳು ಅಭ್ಯಾಸದಂತೆ ಬೇರೆ ಕಡೆ ಸರಿಯಿತು.

"ಹೊಡೀರಿ ಮೌಸಿ!"

"ಸುಮ್ಮಿರು ಹುಡುಗಿ, ಗಂಡನ ಕಾಯಿ ಅದು," ಎಂದಳು ಶೇವಂತಾಬಾಯಿ.

"ಗಂಡನ ಕಾಯಿ ಆದ್ರ ಏನು, ಗಂಡ ಸಾಯ್ತಾನೇನು?" ಎಂದಳು ಮರಿಯಮಬೀ. "ಈ ಆಟದ್ದು ಇದೊಂದೇ ಚಲೋ ಗುಣ. ಹೊಡದ್ರೂ ಮಾರಿ ಕಾಣಂಗಿಲ್ಲ."

ರುಕ್ಮಿಣಿ ಒತ್ತಿದಳು. ಹಳದಿ ಕಾಯಿ ಟಣಟಣ ಹಾರಿ ಕೆಂಪಿನ ಮೇಲೆ ಕೂತಿತು. ಕೆಂಪು ಕಾಯಿ ಬಂದ ದಾರಿಯನ್ನೆಲ್ಲ ಸರ್ರನೆ ಹಿಂದಕ್ಕೆ ಓಡಿ ತನ್ನ ಮೂಲೆ ಸೇರಿತು. ಕೂಡಲೇ ಅವಳ ಹೊಟ್ಟೆಯೊಳಗಿಂದ ನಗು ಉಕ್ಕಿತು. ಸೆರಗನ್ನು ಬಾಯಿಗೆ ಒತ್ತಿ ತಡೆದಳು. ಎಷ್ಟು ಚೆನ್ನಾಗಿ ಓಡಿತ್ತು ಅದು!

"ಏ, ತಪ್ಪಿ ಹೊಡದಿ ಏನು?" ಸ್ಪೀಕರಿನಲ್ಲಿ ಏಕನಾಥನ ಧ್ವನಿ.

"ತಪ್ಪಿ ಅಲ್ರಿ. ನೋಡೇ ಹೊಡದೀನಿ."

ಪುಣೆಯಲ್ಲಿ ಯಾರೋ ಸೀಟಿ ಹೊಡೆದರು.

ಆಮೇಲೆ ರುಕ್ಮಿಣಿಗೆ ಆಟ ಹತ್ತಿತು. ಇನ್ನೊಂದು ಕಾಯಿ ಹೊಡೆದಳು. ಅವನದೊಂದು ಕಾಯಿ ತಪ್ಪಿಸಿಕೊಂಡಾಗ "ಛೀ" ಎಂದು ನೆಲಕ್ಕೆ ಗುದ್ದಿದಳು. ಇಷ್ಟು ದಿನ ಇದನ್ನೆಲ್ಲ ಬಿಟ್ಟುಕೊಟ್ಟು, ಒಂದು ಆಟದಲ್ಲಿ ಏನೇನಿರುತ್ತದೋ ಅದನ್ನೆಲ್ಲ ಬಿಟ್ಟು ಬರೀ ಹೊತ್ತು ಕಳೆದಿದ್ದಳು. ಅವಳ ಮೂರು ಕಾಯಿ ಹಣ್ಣಾದವು. ನಾಲ್ಕನೆಯದು ಬಾಗಿಲಲ್ಲೇ ನಿಂತಿತ್ತು. ಒಂದು ಬಿದ್ದರೆ ಸಾಕು, ಗೆದ್ದ ಹಾಗೆ. ಏಕನಾಥನದು ಇನ್ನೂ ಎರಡು ಕಾಯಿ ಹೊರಗಿದ್ದವು.

ಮೂರು ಬಿತ್ತು. ಐದು ಬಿತ್ತು. ಮತ್ತೆ ಐದು. ಒಂದು ಮಾತ್ರ ಬೀಳಲೊಲ್ಲದು.

"ಈ ಆಟದಾಗ ಇದೇ ಖೋಡಿ," ಎಂದು ಕುಬರಾ ಹಲುಬಿದಳು. "ಆರು ಬಿದ್ರೂ ಉಪಯೋಗಿಲ್ಲ, ಒಂದೇ ಬೇಕಂತ. ಬಂದೂಕಿನ ಆಟದಾಗ ಹಿಂಗ ಬಾಗಿಲಾಗ ನಿಂದರಸಂಗಿಲ್ಲ ನೋಡ್ರಿ."

ಏಕನಾಥನಿಗೆ ಆರು ಬಿತ್ತು, ಮೇಲೊಂದು ಆರು ಬಿತ್ತು. ಅವನ ಕಾಯಿಗಳು ನೆಗೆಯುತ್ತ ಬಂದವು. ಒಂದು ಹಣ್ಣಾಯಿತು. ರುಕ್ಮಿಣಿ ದಾಳ ಒತ್ತಿದಳು, ಎರಡು ಬಿತ್ತು. ಏಕನಾಥನಿಗೆ ಬೇಕಾದದ್ದು ಮೂರು. ಅವನಿಗೆ ಮೂರೇ ಬಿತ್ತು. ಫೋನಿನಲ್ಲಿ ಬಣ್ಣಬಣ್ಣದ ಕಾಗದ ಉದುರಿದವು, ಕೆಂಪಿನ ತಲೆಗೆ ಕಿರೀಟ ಬಂತು.

ಪುಣೆಯ ತಗಡಿನ ಖೋಲಿ ಕುಣಿಯಿತು. ಶೇವಂತಾಬಾಯಿ ಎದ್ದು ಸೆರಗು ಝಾಡಿಸಿದಳು. "ಆಯ್ತಿಲ್ಲೊ? ನಡಿ, ಗಂಟು ಕಟ್ಟು. ರೊಟ್ಟಿ ಹಂಚು ಅಲ್ಲಿ ಅದನೋ ಇಲ್ಲೋ ಕೇಳಿಕೊ."

ರುಕ್ಮಿಣಿ ಫೋನಿನ ಕಡೆ ನೋಡುತ್ತ ಕೂತಿದ್ದಳು. ಅಳು ಬರಬೇಕಿತ್ತು, ಬರಲಿಲ್ಲ. ಬಿಟ್ಟುಕೊಟ್ಟು ಸೋತಾಗಲೆಲ್ಲ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಹೊಗೆ ಉಳಿಯುತ್ತಿತ್ತು. ಇವತ್ತು ಆ ಹೊಗೆಯಿರಲಿಲ್ಲ. ಪೂರಾ ಆಡಿ ಪೂರಾ ಸೋತಿದ್ದಳು. ಸೋತದ್ದು ದಾಳದ ಕೈಯಲ್ಲಿ. ದಾಳಕ್ಕೆ ಪುಣೆ ಗೊತ್ತಿಲ್ಲ, ಪಡಸಾಲೆಯ ಗಾಳಿಯೂ ಗೊತ್ತಿಲ್ಲ. ತಾನು ಸೋಮವಾರ ಎಲ್ಲಿರಬೇಕೆಂದು ಅದು ಯಾಕೆ ಹೇಳಬೇಕು?

"ಚಲೋ ಆಡಿದ್ರಿ," ಎಂದಳು ಸ್ಪೀಕರಿಗೆ. "ಗೆದ್ರಿ. ನಾ ಬರಂಗಿಲ್ಲ."

ಏಕನಾಥ ಕುಣಿಯುತ್ತಿದ್ದವರನ್ನು ಗದರಿಸಿದ.

"ಏನಂದಿ?"

"ಬರಂಗಿಲ್ರಿ."

"ಏ ರುಕ್ಮಿಣೀ, ಮಾತು ಕೊಟ್ಟಿದ್ದಿಲ್ಲೇನ?" ಶೇವಂತಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಸೋತ ಮ್ಯಾಲ ಒಲ್ಲೆ ಅಂದ್ರ ಅದಕ್ಕ ಏನಂತಾರ? ನಾಚಿಕಿ ಅದನ ನಿನಗ?"

"ಅದ ಅಕ್ಕಾರೆ. ಇಷ್ಟು ದಿನ ಅದೇ ಇತ್ತು, ಬ್ಯಾರೆ ಏನೂ ಇದ್ದಿಲ್ಲ."

ಮರಿಯಮಬೀ "ಯಾ ಅಲ್ಲಾ" ಎಂದು ಬಾಯಿಗೆ ಕೈಯಿಟ್ಟು, ಕೈಯ ಹಿಂದೆ ನಕ್ಕಳು. ಶೇವಂತಾಬಾಯಿ ಇನ್ನೂ ಏನೋ ಹೇಳುವುದರೊಳಗೆ ಓಣಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನು ಕೇಳಿತು. ತಮ್ಮನ ಮಾನ ಒಂದು ಕಡೆ, ನೀರು ಒಂದು ಕಡೆ. ಒಂದೇ ಗಳಿಗೆ ಆಕೆ ತೂಗಾಡಿದಳು. ಆಮೇಲೆ "ಬಂದು ಹೇಳ್ತೇನಿ ನಿನಗ" ಎನ್ನುತ್ತ ಕೊಡದ ಕಡೆ ಓಡಿದಳು. ಕುಬರಾ ತನ್ನ ಕೊಡದ ಜೊತೆ ರುಕ್ಮಿಣಿಯದನ್ನೂ ಎಳೆದುಕೊಂಡು ಅತ್ತೆಯ ಹಿಂದೆ ಹೋದಳು. ಬೇವಿನ ಕೆಳಗೆ ರುಕ್ಮಿಣಿ, ಕುಬರಾಳ ಫೋನು, ಫೋನಿನೊಳಗೆ ಗಂಡ.

"ಗೆದ್ದಿದ್ರ ಉಳೀತಿದ್ದಿ, ಸೋತ್ರೂ ಉಳೀತಿ. ಮತ್ತ ಆಟ ಯಾಕ ಆಡಿದಿ?" ಏಕನಾಥ ಕೇಳಿದ. ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು ಆ ಧ್ವನಿಯಲ್ಲಿ.

"ಗೆದ್ದಿದ್ರ ಆಟ ಗೆದ್ದೆ ಅಂತ ಉಳೀತಿದ್ದೆ. ಈಗ ನನಗ ಇಲ್ಲೇ ಇರಬೇಕು ಅನಸ್ತದ ಅಂತ ಉಳೀತೇನಿ. ಹೊಲಿಗಿ ಬಾಕಿ ಅದ ಅಂದಿದ್ದು ಸುಳ್ಳು. ಕಾಕಿನೂ ಸುಳ್ಳು."

"ಕಾಕಿ ಸುಳ್ಳು?"

"ಆಕಿ ಸತ್ತು ಎಷ್ಟೋ ವರ್ಷ ಆಯ್ತ್ರಿ. ಮಣ್ಣಿಗಿ ನೀವೇ ಹೋಗಿದ್ರಿ."

ಆ ಕಡೆ ಬಾಗಿಲು ಕಿರುಗುಟ್ಟಿದ ಸದ್ದು, ಹೆಜ್ಜೆ ಸದ್ದು, ಆಮೇಲೆ ಬಯಲಿನ ಗಾಳಿಯ ಸದ್ದು. ಅವನು ಫೋನು ಹಿಡಿದು ಖೋಲಿಯಿಂದ ಹೊರಗೆ ಬಂದಿದ್ದ.

"ಇವರಿಗಿ ಏನ್ ಹೇಳಲಿ ನಾ? ನಾಲ್ಕೂ ಮಂದಿ ನನ್ನ ಮಾರಿ ನೋಡ್ಲಾಕತ್ತಾರ."

"ಅವರಿಗೂ ಎರಡೆರಡು ಕೈ ಅವ ಅಂತ ಹೇಳ್ರಿ."

ಅವನು ನಗಲಿಲ್ಲ, ಬಯ್ಯಲೂ ಇಲ್ಲ. ಒಳಗಿನವರಿಗೆ ಕೇಳಿಸದಂತೆ ದನಿ ಇಳಿಸಿದ. "ಬ್ಯಾಳಿ ಮೆತ್ತಗ ಆಗಲ್ದು. ಎಷ್ಟು ಕುದಿಸಿದ್ರೂ ಕಲ್ಲಿನಂಗ ಇರ್ತದ."

ಇಷ್ಟು ದಿನ ಅವನು ಹಸಿವಾಗುತ್ತದೆ ಎಂದಿದ್ದ, ಬಾ ಎಂದಿದ್ದ, ನಿನಗೆ ತಿಳಿಯುವುದಿಲ್ಲ ಎಂದಿದ್ದ. ತನಗೆ ಬರುವುದಿಲ್ಲ ಎಂದು ಒಮ್ಮೆಯೂ ಅಂದಿರಲಿಲ್ಲ. ರುಕ್ಮಿಣಿ ಫೋನನ್ನು ಕಿವಿಗೆ ಹತ್ತಿರ ತಂದಳು.

"ಉಪ್ಪು ಯಾವಾಗ ಹಾಕ್ತೀರಿ?"

"ಮೊದಲೇ. ಬ್ಯಾಳಿ ಕೂಡ."

"ಮೊದಲೇ ಹಾಕಬ್ಯಾಡ್ರಿ. ಬ್ಯಾಳಿ ತೊಳೆದು ಒಂದು ತಾಸು ನೆನಿ ಇಡ್ರಿ. ಒಂದು ಹನಿ ಎಣ್ಣಿ, ಚಿಟಿಕಿ ಅರಿಶಿಣ. ಪೂರಾ ಬೆಂದ ಮ್ಯಾಲ ಉಪ್ಪು."

"ಬೆಂದದ್ದು ಹ್ಯಾಂಗ ತಿಳೀತದ?"

"ಒಂದು ಕಾಳು ತಗದು ಬೆರಳಿನಾಗ ಒತ್ತಿ ನೋಡ್ರಿ. ಬಿಸಿ ಇರ್ತದ, ಊದಿ ಒತ್ರಿ."

"ನಿಂದರು, ನಿಂದರು. ಎಣ್ಣಿ ಮೊದಲೋ ಅರಿಶಿಣ ಮೊದಲೋ?"

ಟ್ಯಾಂಕರಿನ ಹತ್ತಿರ ಶೇವಂತಾಬಾಯಿ ಪೈಪಿಗಾಗಿ ಯಾರ ಜೊತೆಗೋ ಜಗಳ ತೆಗೆದಿದ್ದಳು. ಕುಬರಾ ದೂರದಿಂದಲೇ "ಮೌಸೀ, ಕೊಡ ತುಂಬ್ಯಾದ, ಬರ್ರಿ" ಎಂದು ಕೂಗಿದಳು. ರುಕ್ಮಿಣಿ ತಡೆ ಎಂದು ಕೈ ಮಾಡಿದಳು. ಒಂದು ಕಿವಿಗೆ ಬೆರಳಿಟ್ಟುಕೊಂಡು, ಮೊದಲಿನಿಂದ ಮತ್ತೊಮ್ಮೆ ಹೇಳತೊಡಗಿದಳು.