ಕೈ ಮಾಡಿದರೆ

ಕಬ್ಬಿನ ಟ್ರಾಲಿಯ ಹಿಂಬದಿಗೆ ಕಟ್ಟಿದ ಕೆಂಪು ಚಿಂದಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಎರಡೆರಡು ಟ್ರಾಲಿ ಎಳೆದುಕೊಂಡು ಹೊರಟ ಈ ಟ್ರ್ಯಾಕ್ಟರಿಗೆ ದಾರಿ ಬಿಡುವ ಮನಸ್ಸೇ ಇಲ್ಲ, ಮೇಲೆ ಹಾಡು ಬೇರೆ, ಇಡೀ ಬೇಡಕಿಹಾಳಕ್ಕೆ ಕೇಳುವ ಹಾಗೆ, ಬಸ್ಸಾಗಿದ್ದರೆ ಚಿಕ್ಕೋಡಿ ಮುಟ್ಟುವವರೆಗೂ ಇದರ ಹಿಂದೆಯೇ ತೆವಳಬೇಕಿತ್ತು, ಈಗ ನೋಡು ಜ್ಞಾನದೇವ, ಎಂದೆ ನನಗೆ ನಾನೇ, ಈ ಹೊಸ ಬೈಕಿಗೆ ಒಂದು ಮಾರು ಜಾಗ ಸಾಕು — ತಿರುವಿದೆ ಎಕ್ಸಲೇಟರು, ಗಾಡಿ ಡಾಂಬರು ಬಿಟ್ಟು ಮಣ್ಣಿಗಿಳಿಯಿತು, ಸೀಟು ಬಿಟ್ಟು ಎದ್ದು ನಿಂತೆ, ತಗ್ಗು, ದಿಬ್ಬ, ಕಲ್ಲು, ಎಲ್ಲವನ್ನೂ ಮುಂದಿನ ಗಾಲಿ ತಾನೇ ನುಂಗಿಕೊಂಡು ಮತ್ತೆ ರಸ್ತೆ ಹತ್ತಿತು, ಟ್ರ್ಯಾಕ್ಟರು ಹಿಂದೆ ಬಿತ್ತು, ಹೋ ಎಂದು ಕೂಗಿದೆ, ಹೆಲ್ಮೆಟ್ಟಿನೊಳಗೆ ನನ್ನ ಕೂಗು ನನಗೇ ಕೇಳಿ ನಗು ಬಂತು, ಅರವತ್ತು ತುಂಬಿ ನಿವೃತ್ತನಾದವನು ಕೂಗುವ ಕೂಗೇ ಇದು, ಡಾಂಬರಿಗೂ ಆಗತೈತಿ, ಹೊಲದ ದಾರಿಗೂ ಆಗತೈತಿ ಕಾಕಾ, ಆದ್ರ ನಿಮಗ ಎತ್ತರ ಆಗತೈತೇನೋ, ಎಂದಿದ್ದ ಶೋರೂಮಿನವನು, ಎತ್ತರ, ನನಗಾ, ಮೂವತ್ತೊಂದು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದು ಊರುಗಳನ್ನು ಮೇಲಿನಿಂದಲೇ ನೋಡಿದವನಿಗಾ, ನಿಪ್ಪಾಣಿಯಿಂದ ಕಾಗವಾಡ, ಕಾಗವಾಡದಿಂದ ನಿಪ್ಪಾಣಿ, ದಿನಾ ಅದೇ, ಕಾಗವಾಡದಾಚೆ ರಸ್ತೆ ಇದೆಯೋ ಇಲ್ಲವೋ ನನಗೇನು, ಅಲ್ಲಿ ಗಾಡಿ ತಿರುಗಿಸುತ್ತಿದ್ದೆ, ಇವತ್ತು ತಿರುಗಿಸುವುದಿಲ್ಲ, ಮೀರಜ, ಪುಣೆ, ಸೂರತ, ಅಲ್ಲಿಂದ ಕಚ್ಛದ ರಣ, ಉಪ್ಪಿನ ನಡುವೆ ರಸ್ತೆ ಇದೆಯಂತೆ, ಎರಡೂ ಕಡೆ ಬೆಳ್ಳಗೆ, ಕಣ್ಣು ಹಾಯುವಷ್ಟೂ ಬೆಳ್ಳಗೆ, ಐವತ್ತು ಸೀಟಿನ ಗಾಡಿ ಓಡಿಸಿದವನಿಗೆ ಈಗ ಎರಡೇ ಸೀಟು, ಹಿಂದಿನದು ಖಾಲಿ, ಮಂಗಸೂಳಿ ಕ್ರಾಸಿನವರೆಗೆ ಖಾಲಿ, ಆಮೇಲಿನದು ನನ್ನ ಹೆಂಡತಿ ಅಕ್ಕುತಾಯಿಗೆ ಬಿಟ್ಟದ್ದು.

ನಿನ್ನೆ ತವರಿನಿಂದ ಫೋನು ಮಾಡಿದಳು, ಹತ್ತಕ್ಕ ಮಂಗಸೂಳಿ ಕ್ರಾಸಿನ್ಯಾಗ ನಿಂತಿರ್ತೀನ್ರಿ, ಬರೂ ಮನಸ್ಸಾತಂದ್ರ ಕೈ ಮಾಡ್ತೀನಿ, ಕೈ ಮಾಡಲಿಲ್ಲಂದ್ರ ನಿಂದರಸಬ್ಯಾಡ್ರಿ, ಹಂಗ ಹೋಗ್ರಿ ಮುಂದ — ಅಷ್ಟೇ, ಹೂಂ ಅಂದೆ, ಇಟ್ಟುಬಿಟ್ಟಳು, ಅಷ್ಟಕ್ಕೇ ನನಗೆ ನಿದ್ದೆ ಹತ್ತಲಿಲ್ಲ, ಖುಷಿಗೋ, ಅಂಜಿಕೆಗೋ, ಎರಡಕ್ಕೂ ಇರಬೇಕು, ಇಗೋ ಚಿಕ್ಕೋಡಿ ಬಂತು, ಈ ಕಾಲಿಗೆ ಯಾರು ಹೇಳಿದರು, ಬಸ್ ಸ್ಟ್ಯಾಂಡ್ ಕಂಡದ್ದೇ ತಾನಾಗಿ ಬ್ರೇಕ್ ಒತ್ತಿತು, ಗಾಡಿ ಒಳಗೆ ತಿರುಗಿ ಅಥಣಿ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತೇ ಬಿಟ್ಟಿತು, ಚೀಲ ಹಿಡಿದ ಹೆಂಗಸೊಬ್ಬಳು ಅಥಣಿ ಹೋಗತೈತೇನ್ರಿ ಎಂದು ಅಭ್ಯಾಸಬಲದಿಂದ ಕೇಳಿ, ಗಾಡಿ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು, ಕ್ಯಾಂಟೀನಿನಿಂದ ಸಂಭಾಜಿ ಓಡಿ ಬಂದ, ಹನ್ನೊಂದು ವರ್ಷ ನನ್ನ ಕಂಡಕ್ಟರಾಗಿದ್ದವನು, ಏನ್ರಿ ಡ್ರೈವರ್ ಸಾಹೇಬ್ರ, ಪ್ಯಾಸೆಂಜರ್ ಎಲ್ಲಿ? ಅಕ್ಕುತಾಯಿ, ನಿನ್ನ ವೈನಿ, ಮಂಗಸೂಳಿಯಾಗ ಕೈ ಮಾಡತಾಳಂತ, ಅಂದೆ. ವೈನಿ ಕೈ ಮಾಡೂದು ಗಾಡಿಗೋ, ನಿಮ್ಮ ಕಪಾಳಕ್ಕೋ? ನಿಂತ ಮಂದಿಯೆಲ್ಲ ನಕ್ಕರು, ನಾನೂ ನಕ್ಕೆ, ಚಹಾ ಬಾಯಿ ಸುಟ್ಟಿತು, ಅವನಿಗೆ ಎಲ್ಲ ಗೊತ್ತು, ಅವತ್ತು ಬಸ್ಸಿನಲ್ಲಿ ಅವನೂ ಇದ್ದ.

ನೆನೆಯಬೇಡ, ಇವತ್ತು ಅದನ್ನು ನೆನೆಯಬೇಡ, ರಾಯಬಾಗದ ದಾರಿ ಹೇಗೆ ಖಾಲಿ ಬಿದ್ದಿದೆ ನೋಡು, ಎಪ್ಪತ್ತು, ಎಂಬತ್ತು, ಬೆಲ್ಲ ಕಾಯಿಸುವ ವಾಸನೆ ಹೆಲ್ಮೆಟ್ಟಿನೊಳಗೆ ನುಗ್ಗಿ ಹೋಯಿತು, ಕೃಷ್ಣಾ ಸೇತುವೆ, ಗಾಳಿ ಎದೆಗೆ ಗುದ್ದುತ್ತಿದೆ, ಗುದ್ದಲಿ, ಇನ್ನೂ ಗುದ್ದಲಿ, ಏನು ಸುಖ ಇದು, ಇಷ್ಟು ವರ್ಷ ಗಾಜಿನ ಹಿಂದೆ ಕೂತು ಈ ಗಾಳಿಯನ್ನೇ ಕಂಡಿರಲಿಲ್ಲ — ಅವತ್ತೂ ಹೀಗೇ ಕಬ್ಬಿನ ಸುಗ್ಗಿ, ಇಪ್ಪತ್ತೊಂದು ವರ್ಷವಾಯಿತು, ಕಾಗವಾಡದಿಂದ ಅಥಣಿಗೆ ಬರುತ್ತಿದ್ದೆ, ಬಾಗಿಲಲ್ಲಿ ಜನ ಜೋತು ಬಿದ್ದಿದ್ದರು, ಇಪ್ಪತ್ತು ನಿಮಿಷ ತಡ, ಹಿಂದಿನ ಎರಡು ಸ್ಟಾಪಿನಲ್ಲಿ ಕೈ ಮಾಡಿದವರನ್ನು ಬಿಟ್ಟು ಬಂದಿದ್ದೆ, ಮಂಗಸೂಳಿ ಕ್ರಾಸಿನಲ್ಲಿ ಅಕ್ಕುತಾಯಿ, ಹಸಿರು ಬಳೆಯ ಕೈ ಮೇಲೆ, ಹತ್ತಕ್ಕೆ ಅಥಣಿಯಲ್ಲಿ ಅವಳಿಗೆ ಅಂಗನವಾಡಿ ಕೆಲಸದ ಸಂದರ್ಶನ, ಗಂಡನ ಬಸ್ಸೇ ಇದೆಯಲ್ಲ ಎಂಬ ಧೈರ್ಯದಲ್ಲಿ ನಿಂತಿದ್ದಾಳೆ, ಮಂದಿಯ ಕೈಗೆ ನಿಲ್ಲಿಸದವನು ಹೆಂಡತಿಯ ಕೈಗೆ ನಿಲ್ಲಿಸಿದ ಎಂದು ಯಾರೂ ಅನ್ನಬಾರದು, ಅದು ನನ್ನ ದೊಡ್ಡಸ್ತಿಕೆ, ಹೋಗೇಬಿಟ್ಟೆ, ಕನ್ನಡಿಯಲ್ಲಿ ಆ ಕೈ ಸಣ್ಣದಾಗುತ್ತ ಸಣ್ಣದಾಗುತ್ತ ಹೋಯಿತು, ಇಳಿಯಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಸಂಜೆ ರೊಟ್ಟಿ ಬಡಿಯುತ್ತ ಒಂದೇ ಮಾತು ಕೇಳಿದಳು, ನನ್ನ ಕೈ ಕಾಣಲಿಲ್ಲೇನ್ರಿ? ಕಾಣಲಿಲ್ಲ ಬಿಡು, ಬಿಸಲಿತ್ತು ಎದರಿಗೆ, ಅಂದೆ. ಸುಳ್ಳು. ಹೌದೇನ್ರಿ ಅಂದಳು, ರೊಟ್ಟಿ ಮಗುಚಿದಳು, ಜಗಳವಿಲ್ಲ, ಅಳುವಿಲ್ಲ, ಆದರೆ ಆಮೇಲೆ ನನ್ನ ಬಸ್ಸು ಹತ್ತಲೇ ಇಲ್ಲ, ಖಾಸಗಿಯವರ ವಡಾಪ್ ಜೀಪಿನಲ್ಲಿ ಹದಿನೈದು ಜನರ ನಡುವೆ ಒತ್ತಿಕೊಂಡು ತವರಿಗೆ ಹೋದಳು, ನನ್ನ ಬಸ್ಸು ಮಾತ್ರ ಹತ್ತಲಿಲ್ಲ, ನಾನು ಕೇಳಲೂ ಇಲ್ಲ, ಕೇಳಿದರೆ ಖರೇ ಹೇಳಬೇಕಾಗುತ್ತಿತ್ತು.

ಅಥಣಿ ಹಿಂದೆ ಬಿತ್ತು, ಒಂಬತ್ತೂ ಮುಕ್ಕಾಲು, ದ್ರಾಕ್ಷಿ ತೋಟದ ಕಂಬಗಳು ಸರಸರ ಹಿಂದಕ್ಕೆ ಓಡುತ್ತಿವೆ, ಮಾಡುತ್ತಾಳೋ, ಮಾಡುವುದಿಲ್ಲವೋ, ಮಾಡದಿದ್ದರೆ ನಿಲ್ಲಿಸುವ ಹಾಗಿಲ್ಲ, ಮಾತು ಕೊಟ್ಟಾಗಿದೆ, ಒಬ್ಬನೇ ಹೋಗಿ ಆ ಉಪ್ಪು ನೋಡಿ ಏನು ಮಾಡಲಿ, ಮಲ್ಲಯ್ಯನ ಗುಡಿಗೆ ಹೊರಟವರ ಜೀಪು, ಅರಿಶಿನದ ಭಂಡಾರ ಮೆತ್ತಿ ಹಳದಿಯಾದ ಮುಖಗಳು, ದಾಟಿದೆ, ಕ್ರಾಸು, ಬೇವಿನ ಮರ, ಮರದ ಕೆಳಗೆ — ಅವಳೇ, ಒಂದು ಕೈಯಲ್ಲಿ ಚೀಲ, ತಲೆಯ ಮೇಲೆ ಅವಳಣ್ಣನ ಹೆಲ್ಮೆಟ್ಟು! ಇನ್ನೊಂದು ಕೈ ಕೆಳಗಿದೆ, ಕೆಳಗೇ ಇದೆ, ಎತ್ತು ಅಕ್ಕುತಾಯಿ, ಎತ್ತು, ಎದ್ದಿತು, ಎದ್ದಿತು, ಕೈ ಮಾಡಿದಳು! — ಇಂಡಿಕೇಟರು, ಗೇರು ಇಳಿಸು, ಬ್ರೇಕು, ನಯವಾಗಿ, ಪ್ಯಾಸೆಂಜರ್ ಮುಗ್ಗರಿಸದ ಹಾಗೆ, ನಿಂತೆ, ಚೊಕ್ಕಾಗಿ ನಿಂತೆ, ನಗುತ್ತ ಎಡಕ್ಕೆ ನೋಡಿದರೆ ಯಾರೂ ಇಲ್ಲ, ಬರೀ ಮೈಲಿಗಲ್ಲು. ಅಯ್ಯೋ ಡ್ರೈವರಾ — ನನ್ನ ಬಸ್ಸಿಗೆ ಬಾಗಿಲು ಹಿಂದಿತ್ತು, ಅದು ಜನರೆದುರು ಬರಲೆಂದು ಮೂವತ್ತೊಂದು ವರ್ಷ ಅವರನ್ನು ದಾಟಿ ಮೂವತ್ತು ಅಡಿ ಮುಂದೆ ನಿಲ್ಲಿಸಿದ ಕೈಕಾಲು ಇವು, ಇಲ್ಲದ ಬಾಗಿಲನ್ನು ತಂದು ಅವಳೆದುರು ನಿಲ್ಲಿಸಿವೆ, ಅವಳಿಗೇನು ಗೊತ್ತು, ಅವಳಿಗೆ ಕಂಡದ್ದು ಇಷ್ಟೇ, ಕೈ ಮಾಡಿದೆ, ಮತ್ತೆ ದಾಟಿ ಹೋದ. ಕನ್ನಡಿ ನೋಡಿದೆ, ಕೈ ಮೇಲೆಯೇ ಇದೆ, ಜನ ಬಸ್ಸಿನ ಹಿಂದೆ ಓಡಿ ಬರುತ್ತಾರೆ, ಅವಳು ಓಡಿ ಬರುತ್ತಿಲ್ಲ, ನಿಂತೇ ಇದ್ದಾಳೆ, ಹಿಂದೆ ತೆಗೆಯೋಣವೆಂದರೆ ಈ ಗಾಡಿಗೆ ರಿವರ್ಸ್ ಗೇರಿಲ್ಲ, ಸ್ಟ್ಯಾಂಡ್ ಹಾಕಿದೆ, ಇಳಿದೆ, ಪ್ಯಾಸೆಂಜರ್‌ಗಾಗಿ ಸೀಟು ಬಿಟ್ಟು ಇಳಿದ ಡ್ರೈವರನ್ನು ಯಾರು ಕಂಡಿದ್ದಾರೆ, ಓಡುತ್ತಿದ್ದೇನೆ, ಬೂಟು ಭಾರ, ಹೆಲ್ಮೆಟ್ಟಿನೊಳಗಿಂದಲೇ ಕೂಗುತ್ತಿದ್ದೇನೆ, ಕಂಡಿತ್ತು ಅಕ್ಕುತಾಯಿ, ಅವತ್ತೂ ಕಂಡಿತ್ತು, ಖರೇನ ಕಂಡಿತ್ತು ನಿನ್ನ ಕೈ — ಅವಳಿಗೆ ಕೇಳಿಸಿತೋ ಇಲ್ಲವೋ, ಇನ್ನು ಹತ್ತು ಹೆಜ್ಜೆ, ಐದು, ಬಿಸಿಲಿಗೆ ಬಳೆ ಹೊಳೆಯುತ್ತಿದೆ, ಮೇಲೆಯೇ ಇದೆ, ಇಳಿಸುತ್ತಿಲ್ಲ, ಆ ಕೈ, ಗಾಡಿಗೋ, ಕಪಾಳಕ್ಕೋ, ಆ ಕೈ —