ಕಾಳಿನಷ್ಟು ಚುಕ್ಕೆ

ಆ ಮನೆಯ ಹಿರಿಸೊಸೆಗೆ ಅತ್ತೆ ಇಟ್ಟ ಹೆಸರು ‘ನಾಳೆ ನೋಡೋಣ’. ಕರೆಯುವುದೂ ಹಾಗೆಯೇ: “ಏ ನಾಳೆ ನೋಡೋಣ, ನೀರು ಕೊಡು.” ಹತ್ತು ತಿಂಗಳ ಹಿಂದೆ ಕಾರಿನ ಮುಂದಿನ ಗಾಜಿಗೆ ಕಲ್ಲು ಸಿಡಿದು ಕಡಲೆಕಾಳಿನಷ್ಟು ಚುಕ್ಕೆಯಾಗಿತ್ತು. ಅದಕ್ಕೆ ಅಂಟು ತುಂಬಿಸಿಕೊಂಡು ಬರುತ್ತೇನೆಂದು ಗಂಡ ಚಪ್ಪಲಿ ಮೆಟ್ಟಿದಾಗ, “ನಾಳೆ ನೋಡೋಣ, ಊಟ ಆರಿ ಹೋಗುತ್ತೆ ಬನ್ನಿ” ಎಂದು ಕೂಗಿದವಳು ಅವಳೇ.

ಮೂರನೆಯ ದಿನ ಮೈದುನ ಕಾರು ಓಡಿಸುತ್ತಿದ್ದ, ಅಣ್ಣ ಪಕ್ಕದಲ್ಲಿ ಕೂತಿದ್ದ. ಕಾರು ಸೇತುವೆಯ ಕಟ್ಟೆಗೆ ಗುದ್ದಿತು. ಅಣ್ಣ ಹೋದ, ಮೈದುನನ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತು. “ಆ ಚುಕ್ಕೆ ಚಟ್ ಅಂತ ಸೀಳಿ ಗಾಜೆಲ್ಲ ಜೇಡರ ಬಲೆ ಆಯ್ತಮ್ಮ, ದಾರೀನೇ ಕಾಣ್ಲಿಲ್ಲ” ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಯಾರೂ ಮರುಪ್ರಶ್ನೆ ಮಾಡಲಿಲ್ಲ. ನುಜ್ಜುಗುಜ್ಜಾದ ಕಾರು ಹಿತ್ತಲಿಗೆ ಬಂತು. ಅದರ ಮೇಲೆ ಟಾರ್ಪಾಲು ಬಿತ್ತು.

ಚುಕ್ಕೆ ಮಾತ್ರ ಅವಳ ಕಣ್ಣಿನಿಂದ ಹೋಗಲಿಲ್ಲ. ಕೊನೆಗೆ ಗಾಜಿನ ಚುಕ್ಕೆ ತುಂಬುವ ಕೆಲಸವನ್ನೇ ಕಲಿಯಲು ಹೊರಟಳು. “ಗಂಡನ್ನ ತಿಂದ ಗಾಜಿನ ಸಹವಾಸ ಯಾಕಮ್ಮ?” ಎಂದರು ನೆರೆಯವರು. ಮೈದುನ ಮಾತ್ರ ಮುಂದೆ ಬಿದ್ದು, “ಸಾಮಾನೆಲ್ಲ ನಾನು ಕೊಡಿಸ್ತೀನಿ ಅತ್ತಿಗೆ, ದೊಡ್ಡದೇ ತಗೊಳ್ಳಿ” ಎಂದ.

ಕಲಿಸುವವರು ಗ್ಯಾರೇಜಿನ ಹಿಂದಿನ ಶೆಡ್ಡಿನ ಮುದುಕರು. ಊರವರ ಬಾಯಲ್ಲಿ ಉಗುರು ಮಾಸ್ತರು. “ಮೊದಲು ಉಗುರು, ಆಮೇಲೆ ಕಣ್ಣು, ಕಡೇಗೆ ಮಿಷಿನ್ನು” ಎನ್ನುವುದು ಅವರ ಮಂತ್ರ; ಉಗುರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಪೆಟ್ಟು ಬಿದ್ದದ್ದು ಆ ಮೈಯಲ್ಲಿ. ಎರಡು ವಾರ ಅವಳಿಗೆ ಅದನ್ನೇ ಅರೆದು ಕುಡಿಸಿದರು. ಬಿಸಿಲಲ್ಲಿ ನಿಂತ ಗಾಜು ಮುಟ್ಟಬೇಡ. ತೇವವಿದ್ದರೆ ಮೊದಲು ಒಣಗಿಸು. ಡ್ರೈವರನ ಕಣ್ಣಿಗೆ ನೇರ ಇರುವ ಚುಕ್ಕೆಗೆ ಕೈ ಹಾಕಬೇಡ, ಗಾಜೇ ಬದಲಿಸಲು ಹೇಳು.

ಸಾಮಾನು ಆರಿಸುವ ದಿನ ಮಾಸ್ತರು ಮೇಜಿನ ಮೇಲೆ ಎರಡು ಪೆಟ್ಟಿಗೆ ಬಿಚ್ಚಿಟ್ಟರು. ಒಂದರಲ್ಲಿ ಪ್ಲಾಸ್ಟಿಕ್ ಸಿರಿಂಜು, ಸಣ್ಣ ಅಂಟಿನ ಶೀಶೆ. ಇನ್ನೊಂದರಲ್ಲಿ ರಬ್ಬರ್ ಬಟ್ಟಲಿನಿಂದ ಗಾಜನ್ನು ಕಚ್ಚಿ ಹಿಡಿಯುವ ಉಕ್ಕಿನ ಚೌಕಟ್ಟು, ಗಾಳಿ ಎಳೆದು ಅಂಟು ಒತ್ತುವ ಪಂಪು, ಅಂಟನ್ನು ಗಟ್ಟಿ ಮಾಡುವ ನೇರಳೆ ದೀಪ.

“ಗಾಳಿ ಎಳೀದೆ ಅಂಟು ತುಂಬೋದು, ಹುಣ್ಣಿನ ಮೇಲೆ ಪೌಡರ್ ಬಳಿದ ಹಾಗೆ. ಹಾಗಂತ ನನ್ನ ಮಾತು ನಂಬಿ ಕೊಳ್ಳಬೇಡ. ಒಡೆದ ಗಾಜು ತಾ, ಹಾಕಿ ನೋಡು.”

ಒಡೆದ ಗಾಜು ಹಿತ್ತಲಲ್ಲೇ ಇತ್ತು. ಕೇಳಿದಾಗ ಅತ್ತೆ ತಲೆ ಎತ್ತದೆ, “ತಗೊಂಡು ಹೋಗು. ಈಗ್ಲಾದ್ರೂ ತುಂಬಿಸು” ಎಂದರು. ಮೈದುನ ಊರಲ್ಲಿರಲಿಲ್ಲ. ಗ್ಯಾರೇಜಿನ ಇಬ್ಬರು ಗಾಜು ಬಿಡಿಸಿ, ಟಾರ್ಪಾಲಿನಲ್ಲೇ ಸುತ್ತಿ ಶೆಡ್ಡಿಗೆ ಹೊತ್ತು ತಂದರು. ಯಾರ ಗಾಜೆಂದು ಅವಳು ಮಾಸ್ತರಿಗೆ ಹೇಳಲಿಲ್ಲ.

ಒರೆಸಿದಳು. ಮೇಲ್ಭಾಗದ ನಡುವೆ ಚುಕ್ಕೆ ಸಿಕ್ಕಿತು. ಉಗುರಿಟ್ಟಳು, ಸಿಕ್ಕಿಕೊಂಡಿತು. ಚೌಕಟ್ಟು ಕೂರಿಸಿ, ಗಾಳಿ ಎಳೆದು, ಅಂಟು ಒತ್ತಿ ದೀಪ ಹಿಡಿದಳು.

“ಭೇಷ್! ಧೂಳು ಹೊಕ್ಕಿದೆ, ಕಲೆ ಪೂರ್ತಿ ಹೋಗಲ್ಲ. ಆದ್ರೆ ಗಟ್ಟಿಯಾಯ್ತು.”

“ಇನ್ನು ಇದರಿಂದ ಬೆಳೆದ ಸೀಳುಗಳಿಗೆ, ಮಾಸ್ತರೇ?”

“ಇದರಿಂದ ಎಲ್ಲಿ ಬೆಳೀತು? ಇದಕ್ಕೆ ಮೂರೇ ಸೀಳು, ಒಂದೊಂದೂ ಅಕ್ಕಿಕಾಳಿನಷ್ಟು. ಮೂರೂ ಇದ್ದಲ್ಲೇ ನಿಂತಿವೆ. ಆ ಬಲೆ ಬೇರೆ. ಅದರ ನಡು ಪಕ್ಕದ ಸೀಟಿನ ಎದುರಿಗಿದೆ. ಉಗುರಿಡು.”

ಹೊರಮೈಯಲ್ಲಿ ಕಲ್ಲು ಬಿದ್ದ ಗುಂಡಿಯಿರಲಿಲ್ಲ. ಗಾಜು ಹೊರಕ್ಕೆ ಉಬ್ಬಿತ್ತು. ಒಳಮೈಯಲ್ಲಿ ತಗ್ಗು.

“ಒಳಗಿಂದ ಬಿದ್ದ ಪೆಟ್ಟು. ಯಾವನೋ ಬೆಲ್ಟ್ ಹಾಕ್ಕೊಂಡಿರಲಿಲ್ಲ, ಪಾಪ. ಕಾರು ಗುದ್ದಿದ ಮೇಲೆ ಒಡೆದದ್ದು.”

“ದಾರಿ ಕಾಣದೆ ಗುದ್ದಿದ್ದಲ್ವಾ?”

“ಕಣ್ಣಿಲ್ವೇನೇ? ಡ್ರೈವರ್ ಕಡೆ ನೋಡು. ಕನ್ನಡಿ ಹಾಗಿದೆ! ದಾರಿ ಕಾಣಲ್ಲ ಅಂದವನು…” ಎನ್ನುತ್ತಾ ತಲೆ ಎತ್ತಿದ ಮಾಸ್ತರು ಅವಳ ಮುಖ ನೋಡಿ ಸ್ಟೂಲು ಎಳೆದು ಕೊಟ್ಟರು. ಅವಳು ಕೂರಲಿಲ್ಲ.

ಮರುದಿನ ಬೆಳಿಗ್ಗೆ ಊರಿಗೆ ಮರಳಿದ ಮೈದುನ ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದ. ಮುಂದಿನ ಗಾಜಿಲ್ಲದೆ ನಿಂತ ಕಾರನ್ನು ನೋಡಿ ನೀರು ನಿಲ್ಲಿಸುವುದನ್ನೂ ಮರೆತ.

“ಡ್ರೈವರ್ ಕಡೆ ಗಾಜಿಗೆ ಒಂದು ಗೆರೇನೂ ಇಲ್ಲ ಕಣೋ” ಎಂದಳು ಅವಳು.

ಅವನು ನಲ್ಲಿ ತಿರುಗಿಸಿ ನಿಲ್ಲಿಸಿದ. “ಕಣ್ಣು ಹತ್ತಿಬಿಡ್ತು ಅತ್ತಿಗೆ. ಎರಡೇ ಕ್ಷಣ. ಅಮ್ಮ ಏನಾಯ್ತು ಅಂದಾಗ ಬಾಯಿಗೆ ಆ ಚುಕ್ಕೆ ಬಂತು.”

“ನನ್ನ ತಲೆ ಮೇಲೆ ಬೀಳುತ್ತೆ ಅಂತ ಹೊಳೀಲಿಲ್ವಾ?”

“ಆಗ ಇಲ್ಲ. ಆಮೇಲೆ ದಿನಾ ಹೊಳೀತು.”

“ಹೋಗಿ ಹೇಳು.”

ಅವನು ಒಳಗೆ ಹೋದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನು ಅಳುತ್ತಾ ಎಲ್ಲವನ್ನೂ ಹೇಳಿದ್ದು ಕೇಳಿಸಿತು, ಒಂದಕ್ಷರ ಮುಚ್ಚಿಡಲಿಲ್ಲ. ಅತ್ತೆ ಅವನ ತಲೆ ನೇವರಿಸುತ್ತಿದ್ದರೇನೋ, ಬಳೆ ಸದ್ದಾಗುತ್ತಿತ್ತು.

“ಅವಳು ಹೇಳಿಕೊಟ್ಟಳಾ ಹೀಗೆ ಹೇಳು ಅಂತ? ಹುಚ್ಚಪ್ಪ. ಅವಳ ತಪ್ಪು ನಿನ್ನ ಮೈಮೇಲೆ ಯಾಕೆ ಎಳ್ಕೋತೀಯ? ನನಗುಳಿದಿರೋನು ನೀನೊಬ್ಬ. ಏಳು, ಮುಖ ತೊಳಿ.”

ಮೈದುನ ಹೊರಗೆ ಬಂದ. ಕಣ್ಣು ಒದ್ದೆಯಾಗಿತ್ತು, ಆದರೆ ಮೂಟೆ ಇಳಿಸಿದವನ ಹಾಗೆ ಹೆಗಲು ಸಡಿಲವಾಗಿತ್ತು.

“ಹೇಳಿಬಿಟ್ಟೆ ಅತ್ತಿಗೆ.”

“ಕೇಳಿಸ್ತು. ಮತ್ತೆ ಹೋಗು” ಎಂದಳು ಅವಳು. “ಅವರು ನಂಬೋ ತನಕ ಹೇಳು.”

ಅವನು ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತ. ಒಳಗೆ ಹೋಗಲಿಲ್ಲ.