ಬೆನ್ನು ಹಾಕಿ ಕೂತ ಮಗು

ಸ್ಟೀರಿಂಗಿಗೆ ಒಂದು ಕೂದಲು ಅಂಟಿಕೊಂಡಿದೆ, ಉದ್ದದ್ದು, ತುದಿಯಲ್ಲಿ ಕೆಂಪು ಬಣ್ಣ, ತನ್ನದಲ್ಲ, ನಿನ್ನೆ ಬಂದಿದ್ದ ಆ ಮಹಾರಾಯ್ತಿಯದ್ದು, ಅರ್ಧ ದಿನ ಕೂತು ಬಣ್ಣ ಹಚ್ಚಿಸಿಕೊಂಡು ಕೊನೆಗೆ ಮೊದಲಿದ್ದದ್ದೇ ಚೆನ್ನಾಗಿತ್ತೇನೋ ಅಂದವಳದ್ದು, ಪಾರ್ಲರಿನ ಬಾಗಿಲಲ್ಲಿ ಎಷ್ಟು ಕೊಡವಿಕೊಂಡು ಬಂದರೂ ಒಂದಲ್ಲ ಒಂದು ಕೂದಲು ಬೆನ್ನು ಹತ್ತಿ ಬಂದೇ ಬರುತ್ತೆ — ಸಿಗ್ನಲ್ ಕೆಂಪಗಿದೆ, ಉಗುರಿನಲ್ಲಿ ಅದನ್ನು ಎಬ್ಬಿಸಿ ಕಿಟಕಿಯಾಚೆ ಬಿಡುತ್ತಾಳೆ, ಹಿಂದಿನ ಸೀಟಿನಿಂದ ನಾದಿನಿ ಕೇಳುತ್ತಿದ್ದಾಳೆ, ಅತ್ತಿಗೆ, ನೀವೇ ಹೇಳಿ, ಮಗೂನ ಎಷ್ಟು ವರ್ಷದ ತನಕ ಹೀಗೆ ಹಿಂದಕ್ಕೆ ಮುಖ ಮಾಡಿ ಕೂರಿಸಬೇಕು, ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತು. ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತು. ಪಾಪ, ಏಳು ತಿಂಗಳ ಹೊಟ್ಟೆ, ಮುಂದೆ ಕೂತರೆ ಇಕ್ಕಟ್ಟು ಅಂತ ಹಿಂದೆ ಹೋಗಿ ಬುಗುರಿಯ ಪಕ್ಕ ಕೂತಿದ್ದಾಳೆ, ಹೊರಟಿರೋದೇ ಅವಳ ಹುಟ್ಟೋ ಮಗುವಿಗೆ ಕಾರ್ ಸೀಟು ಕೊಳ್ಳೋಕೆ, ಅತ್ತಿಗೆ ಬಂದರೇನೇ ಅಂಗಡಿಗೆ ಕಾಲಿಡ್ತೀನಿ ಅಂತ ಹಟ ಹಿಡಿದಿದ್ದಳು. ಬುಗುರಿ ಅಂದರೆ ಮಗಳು, ಎರಡೂವರೆ ವರ್ಷ, ನಿಂತಲ್ಲಿ ನಿಲ್ಲೋದಿಲ್ಲ ಅಂತ ಮಾವ ಇಟ್ಟ ಹೆಸರು, ಆದರೆ ಈ ಸೀಟಿನಲ್ಲಿ ಮಾತ್ರ ಗಪ್‌ಚಿಪ್, ರಸ್ತೆಗೆ ಬೆನ್ನು ಹಾಕಿ, ತನಗೂ ಬೆನ್ನು ಹಾಕಿ, ಬಾಸುಮತಿ ಮೂಟೆಯ ಹಾಗೆ ಬಿಗಿದು ಕೂತಿರುತ್ತಾಳೆ. ತನಗೆ ಕಾಣೋದು ಸೀಟಿನ ಬೆನ್ನು, ಅದರ ಅಂಚಿನ ಮೇಲೆ ಎದ್ದು ನಿಂತಿರೋ ಒಂದು ಚೂರು ಕೂದಲು, ಅಷ್ಟೆ.

ಸೀಟಿಗೆ ಹಿಡಿಸೋವಷ್ಟು ದಿನ ಕೂರಿಸು ಕಣೆ, ಎತ್ತರ ಮೀರೋ ತನಕ, ತೂಕ ಮೀರೋ ತನಕ, ನಾಲ್ಕು ವರ್ಷ ಆದರೂ ಸರಿ, ಬಾಯಿ ತಾನಾಗಿ ಹೇಳುತ್ತಿದೆ, ಈ ಪಾಠ ಎಷ್ಟು ಸಲ ಒಪ್ಪಿಸಿಲ್ಲ, ಮಕ್ಕಳ ತಲೆ ದೊಡ್ಡದು ಕತ್ತು ಎಳೇದು, ಗಾಡಿ ಗಕ್ಕಂತ ನಿಂತರೆ ತಲೆ ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಮುಖ ಮಾಡಿ ಕೂತರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತೆ, ಕತ್ತು ಒಂದೇ ಹೊರಬೇಕಾಗಿಲ್ಲ. ಅದು ಸುಳ್ಳಲ್ಲ. ಒಂದಕ್ಷರ ಸುಳ್ಳಲ್ಲ, ಅದೇ ಕಷ್ಟ. ತಲೆಯ ಭಾರ ಎಷ್ಟು ಅಂತ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ದಿನಾ ಬೇಸಿನ್ನಿಗೆ ಒರಗಿಸಿ ತೊಳೆಯೋದು ಅದನ್ನೇ ತಾನೇ, ಗಿರಾಕಿ ಕಣ್ಣು ಮುಚ್ಚಿ ಕತ್ತು ಸಡಿಲ ಬಿಟ್ಟ ಗಳಿಗೆಗೆ ಅಂಗೈಗೆ ಇಳಿಯುತ್ತಲ್ಲ ಆ ಭಾರ, ಚಿಕ್ಕ ಮಕ್ಕಳದ್ದಂತೂ ಕತ್ತೇ ಇಲ್ಲವೇನೋ ಅನ್ನೋ ಹಾಗೆ. ಅಂಗೈ ತೋರಿಸಿ ಇದನ್ನು ಹೇಳಿದರೆ ಎಂಥವರೂ ಬಾಯಿ ಮುಚ್ಚುತ್ತಾರೆ. ಅತ್ತೆ ಮಾತ್ರ ಮುಚ್ಚೋದಿಲ್ಲ, ಏನಮ್ಮ ಇದು, ಮಗೂಗೆ ಕಾಲು ಚಾಚೋಕೂ ಜಾಗ ಇಲ್ಲ, ಪ್ರಪಂಚ ಎಲ್ಲ ಮುಂದೆ ಇದ್ದರೆ ಇದು ಸೀಟಿನ ಬಟ್ಟೆ ನೋಡ್ತಾ ಕೂತಿರುತ್ತೆ. ಗಂಡ ಇವತ್ತು ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ, ಸಂಜೆ ನೀವು ಬಂದ ಮೇಲೆ ತಿರುಗಿಸಿಬಿಡೋಣ ಕಣೆ, ಸಾಕು, ಅಮ್ಮನ ಮುಖಾನಾದರೂ ನೋಡ್ಕೊಂಡು ಬರಲಿ ಅದು. ಅಮ್ಮನ ಮುಖ. ಚಪ್ಪಲಿಯ ಬಕಲ್ ಹಾಕುತ್ತಾ ಆಡಿದ ಮಾತು, ಅವರಿಗೆ ಅದರಲ್ಲಿ ಏನೂ ಇರಲಿಲ್ಲ. ಇವಳು ಮಾತ್ರ, ರೀ, ಕತ್ತಿನ ವಿಷಯ ತಮಾಷೆ ಅಲ್ಲ ಅಂತ ರೇಗಿಬಿಟ್ಟಳು, ಅವರು ನಕ್ಕು, ಆಯ್ತು ತಾಯಿ, ನಿನ್ನಷ್ಟು ಜಾಗ್ರತೆಯವಳನ್ನ ನಾನು ಕಂಡಿಲ್ಲ ಅಂದರು. ಎಲ್ಲರೂ ಅದನ್ನೇ ಅಂತಾರೆ. ಅನ್ನೋರ ಮುಂದೆ ನಿಲ್ಲೋಕೆ ಆಗೋದಿಲ್ಲ.

ಹಸಿರು. ಮುಂದಿನ ಬಸ್ಸು ಹೊಗೆ ಉಗುಳಿ ಮೆಲ್ಲಗೆ ತೆವಳುತ್ತಿದೆ, ನಾದಿನಿ ಬುಗುರಿಗೆ ಅದೇನೋ ಕೈಬೆರಳಿನ ಆಟ ತೋರಿಸುತ್ತಿದ್ದಾಳೆ, ನಗು ಕೇಳಿಸುತ್ತಿದೆ, ಮುಖ ಕಾಣೋದಿಲ್ಲ — ಕಾಣಬೇಕಿತ್ತು, ಕಾಣಲಿ ಅಂತಲೇ ಗಂಡ ಆ ಕನ್ನಡಿ ತಂದು ಕಟ್ಟಿದ್ದು, ಹಿಂದಿನ ಸೀಟಿನ ತಲೆದಿಂಬಿಗೆ, ಗುಂಡಗಿನದು, ತಟ್ಟೆಯಷ್ಟು ಅಗಲ, ಮಗು ಅದರಲ್ಲಿ ಅಮ್ಮನನ್ನು ನೋಡಬೇಕು, ಅಮ್ಮ ತನ್ನ ತಲೆಯ ಮೇಲಿನ ಕನ್ನಡಿಯಲ್ಲಿ ಆ ಕನ್ನಡಿ ನೋಡಬೇಕು, ಅದರೊಳಗೆ ಮಗು. ಕನ್ನಡಿಯೊಳಗೊಂದು ಕನ್ನಡಿ. ಬೆಳಗಾದರೆ ಅದೇ ಬದುಕು ತಾನೇ ತನ್ನದು. ಪಾರ್ಲರ್ ಇಟ್ಟುಕೊಂಡಿರೋ ಅಕ್ಕ ಕೆಲಸ ಕಲಿಸುವಾಗ ಮೊದಲ ದಿನವೇ ಹೇಳಿದ್ದಳು, ಕೂದಲು ನೋಡ್ತಾ ಕತ್ತರಿಸು, ಕನ್ನಡಿ ನೋಡ್ತಾ ಮಾತಾಡು, ಮುಖ ಮಾತ್ರ ಇಳೀಬಾರದು, ನಿನ್ನ ಮುಖ ಇಳಿದರೆ ಗಿರಾಕಿ ತನ್ನ ತಲೆ ಹಾಳಾಯ್ತು ಅಂದ್ಕೊಳ್ತಾಳೆ. ಅಂದಿನಿಂದ ಇಳಿಸಿಲ್ಲ. ಬೆಳಗ್ಗೆ ಏರಿಸಿದ ಮುಖ ಸಂಜೆಗೇ ಇಳಿಯೋದು, ಗಿರಾಕಿ ಕನ್ನಡಿಯಲ್ಲಿ ಕಣ್ಣೆತ್ತಿದರೆ ಸಾಕು, ಯಾರೋ ಸ್ವಿಚ್ ಒತ್ತಿದ ಹಾಗೆ ತುಟಿ ಅಗಲ ಆಗುತ್ತೆ, ಕಣ್ಣ ಕೆಳಗೆ ಎರಡು ಗೆರೆ ಬೀಳುತ್ತೆ, ಅಯ್ಯೋ ಎಷ್ಟು ಚೆನ್ನಾಗಿ ಒಪ್ಪುತ್ತೆ ನಿಮಗೆ. ಕಾರಿಗೆ ಬಂದು ಬಾಗಿಲು ಹಾಕಿಕೊಂಡರೆ ಕೆನ್ನೆ ನೋಯುತ್ತಿರುತ್ತೆ, ನಗ್ತಾ ನಗ್ತಾ ಕೆನ್ನೆ ನೋಯೋ ಕೆಲಸಾನೂ ಒಂದಿದೆ ಅಂದರೆ ಯಾರು ನಂಬ್ತಾರೆ, ಗಂಡನಿಗೆ ಒಮ್ಮೆ ಹೇಳಿದಾಗ, ಅಳೋ ಕೆಲಸಕ್ಕಿಂತ ವಾಸಿ ಬಿಡು ಅಂದಿದ್ದರು.

ಆವತ್ತು ಬುಗುರಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮಗು ನೋಡಿಕೊಳ್ಳೋ ಹೆಂಗಸಿನ ಮನೆಯಿಂದ ಎತ್ತಿಕೊಂಡು ಸೀಟಿಗೆ ಕಟ್ಟಿ ಬರುತ್ತಿದ್ದಳು, ಮೈಯೆಲ್ಲ ಶಾಂಪೂ ವಾಸನೆ, ಕಾಲು ಕಂಬ ಆಗಿತ್ತು, ಕಣ್ಣೆತ್ತಿದರೆ ಆ ಗುಂಡು ಕನ್ನಡಿಯಲ್ಲಿ ಮಗು ಇವಳನ್ನೇ ನೋಡುತ್ತಿದೆ, ಬಾಯಿ ತೆರೆದು ನಗೋಕೆ ಹೊರಟಿದೆ, ಮತ್ತೆ ಇವಳ ತುಟಿ ಅಗಲ ಆಯ್ತು, ತಾನಾಗೇ, ಎರಡು ಗೆರೆ ಬಿತ್ತು, ಅದೇ, ಥೇಟ್ ಅದೇ, ಗಿರಾಕಿಗೆ ಕೊಡೋ ನಗು. ಮಗು ನಗೋದನ್ನು ನಿಲ್ಲಿಸಿತು. ಅಳಲಿಲ್ಲ, ಸುಮ್ಮನೆ ನೋಡುತ್ತಾ ಇತ್ತು, ಇದು ಯಾರು ಅನ್ನೋ ಹಾಗೆ. ನಾಚಿಕೆಯಾಯ್ತು, ಹೆತ್ತ ಮಗುವಿಗೂ ಇದೇ ಕೊಟ್ಟೆನಲ್ಲ — ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಇಳಿದು, ಹಿಂದಿನ ಬಾಗಿಲು ತೆಗೆದು, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದಳು, ಛಾವಣಿ ಕಡೆಗೆ. ಇವತ್ತೊಂದು ದಿನ ಅಂದುಕೊಂಡಳು. ಆ ದಿನ ಎಷ್ಟು ಹಾಯಾಗಿತ್ತು ಅಂತ ಯಾರಿಗೆ ಹೇಳೋಣ. ಮುಖ ಇಳಿಬಿಟ್ಟು, ಬಾಯಿ ಜೋಲು ಬಿಟ್ಟು, ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಬೈದುಕೊಳ್ಳುತ್ತಾ ಬಂದಳು, ನಿನ್ನ ತಲೆಗಿಷ್ಟು, ನಿನ್ನ ಬಣ್ಣಕ್ಕಿಷ್ಟು, ಮನೆ ಹತ್ತಿರ ಬರೋ ಹೊತ್ತಿಗೆ ಬೈಯೋಕೂ ಏನೂ ಉಳಿಯದೆ ತಲೆ ಖಾಲಿ. ಯಾರೂ ನೋಡದ ಆ ದಾರಿ. ಆಮೇಲೆ ಒಂದು ದಿನವೂ ಕನ್ನಡಿ ಇಳಿಯಲಿಲ್ಲ. ಅವರು ಕೇಳಿದ್ದಕ್ಕೆ, ಕನ್ನಡಿ ನೋಡ್ತಾ ಇದ್ದರೆ ರಸ್ತೆ ಕಡೆ ಗಮನ ಇರೋದಿಲ್ಲ ರೀ ಅಂದಳು, ಅದನ್ನೂ ಅವರು ಅತ್ತೆಯ ಮುಂದೆ ಹೊಗಳಿದರು. ಕತ್ತಿನ ಪಾಠ ಕಲಿತದ್ದು ಅದಾದ ಮೇಲೆ, ಸೀಟು ತಿರುಗಿಸೋ ಮಾತು ಬಂದಾಗ, ಹುಡುಕಿ ಹುಡುಕಿ ಕಲಿತಳು, ಡಾಕ್ಟರನ್ನು ಕೇಳಿದಳು, ಒಳ್ಳೆ ಕಾರಣ ಸಿಕ್ಕಿತಲ್ಲ ಅಂತ ಉಸಿರು ಬಿಟ್ಟಳು. ತಿರುಗಿಸಿದರೆ ಅವಳು ಮುಂದಕ್ಕೆ ನೋಡ್ತಾಳೆ. ಮುಂದೆ ಇರೋದು ನಾನು.

ಅಮ್ಮಾ, ಅಂತಿದೆ ಬುಗುರಿ. ಬೆರಳಿನ ಆಟ ಸಾಕಾಯ್ತು ಅಂತ ಕಾಣುತ್ತೆ, ಅಮ್ಮಾ, ಇನ್ನೊಂದು ಸಲ, ಇದು ಅಳುವಿನ ಮುಂಚಿನ ರಾಗ, ಇವಳ ಎಡಗೈ ತನ್ನಷ್ಟಕ್ಕೇ ಮೇಲೆ ಹೋಗಿ ತಲೆಯ ಮೇಲಿನ ದೀಪದ ಗುಂಡಿ ಒತ್ತುತ್ತೆ, ಛಾವಣಿಗೆ ಅಂಟಿದ ಚಿಕ್ಕ ದೀಪ, ಹಗಲಲ್ಲಿ ಹತ್ತಿದ್ದೂ ಗೊತ್ತಾಗದಂಥದ್ದು, ಟಕ್. ಹಿಂದೆ ರಾಗ ನಿಂತಿತು. ಅಮ್ಮ ಬಂತು, ಅಂತಿದೆ ಬುಗುರಿ ಸಮಾಧಾನದಿಂದ. ಅದೇನು ಅತ್ತಿಗೆ, ಹಗಲು ಹೊತ್ತು ದೀಪ ಯಾಕೆ. ಅದಾ, ಅದು ಹಾಕಿದರೆ ಸುಮ್ಮನಾಗ್ತಾಳೆ. ಭಲೇ ಉಪಾಯ, ನಾನೂ ಕಲಿತ್ಕೋಬೇಕು, ಅಂತಾಳೆ ನಾದಿನಿ, ನಿಜವಾಗಿ ಕಲಿತುಕೊಳ್ಳೋಳ ದನಿಯಲ್ಲೇ. ಬೇಡ ಕಣೆ. ಇದನ್ನ ಕಲೀಬೇಡ. ನಾಲಿಗೆ ತುದಿಗೆ ಬಂತು, ಅಲ್ಲೇ ನಿಂತಿತು. ಯಾವಾಗಲೋ ಅಳುವಾಗ ಅಕಸ್ಮಾತ್ ಒತ್ತಿದ್ದು, ಅಳು ನಿಂತದ್ದು, ಆಮೇಲೆ ಅದೇ ಅಭ್ಯಾಸ, ಹಿಂದೆ ತಿರುಗೋದು ಬೇಡ, ಮಾತಾಡೋದು ಬೇಡ, ಟಕ್. ಅಮ್ಮ ಬಂತು ಅಂದಾಗೆಲ್ಲ ಮನೆ ಬಂತು ಅನ್ನೋಕೆ ಹಾಗಂತಿದೆ ಅಂದುಕೊಂಡಳು, ಮಗೂಗೆ ಎಲ್ಲವೂ ಬಂತು ಹೋಯ್ತೇ ತಾನೇ, ತಾತ ಬಂತು, ಬಸ್ಸು ಬಂತು. ಇಳಿಸಿಕೊಳ್ಳುವಾಗ ಕನ್ನಡಿಯಲ್ಲಿ ಹೊಳೆಯೋ ಆ ದೀಪಕ್ಕೆ ಕೈಯಾಡಿಸಿ ಅಮ್ಮ ಟಾಟಾ ಅಂತಿತ್ತು, ಎದುರಿಗೇ ಅಮ್ಮ ನಿಂತಿದ್ದರೂ. ತಮಾಷೆ ಅಂದುಕೊಂಡಳು. ಅಂದುಕೊಂಡಳಾ, ಇಲ್ಲ, ಅರ್ಥ ಆಗಿತ್ತು, ಆಗಲಿಲ್ಲ ಅಂತ ನಟಿಸಿದಳು, ನಟಿಸೋದು ಕೈಗೆ ಹತ್ತಿದ ವಿದ್ಯೆಯಲ್ಲವಾ.

ಸಂಜೆ ತಿರುಗಿಸಿಬಿಡೋಣ ರೀ ಅಂದುಬಿಟ್ಟರೆ. ಹೋಗಲಿ, ಸಾಕು ಈ ಒಳ್ಳೆ ಹೆಸರು, ತಿರುಗಿಸಿ, ಅವಳು ನೋಡಲಿ ನನ್ನನ್ನ. ಒಂದು ಗಳಿಗೆ ಹಗುರ ಆಯ್ತು — ಅಷ್ಟರಲ್ಲಿ ಮುಂದಿನ ಸಿಗ್ನಲ್ ಕೆಂಪಾಗಿ ಬಸ್ಸು ಗಕ್ಕಂತ ನಿಂತಿತು, ಬ್ರೇಕು ಒತ್ತಿದಳು, ನಾದಿನಿಯ ಕೈ ಹೊಟ್ಟೆಗೆ ಹೋಯಿತು, ಕಾಲ ಬಳಿ ಕೈಚೀಲ ಉರುಳಿತು, ತನ್ನ ತಲೆ ಮುಂದಕ್ಕೆ ಹೋಗಿ ಹಿಂದೆ ಬಂತು, ಕತ್ತಿನಲ್ಲಿ ನರ ಎಳೆಯಿತು. ಏನಾಯ್ತೇ, ಏನಾಗಿಲ್ಲ ಅತ್ತಿಗೆ, ಬುಗುರಿಯಂತೂ ಅಲ್ಲಾಡೇ ಇಲ್ಲ ನೋಡಿ, ಅದಕ್ಕೇ ನೀವು ಹೇಳೋದು. ಅಂಗೈಗೆ ಆ ಭಾರ ನೆನಪಾಗುತ್ತಿದೆ, ಸಡಿಲ ಬಿಟ್ಟ ತಲೆಯ ಭಾರ. ಇಲ್ಲ, ತಿರುಗಿಸೋ ಹಾಗಿಲ್ಲ, ನನ್ನ ನಾಚಿಕೆಗೆ ಅವಳ ಕತ್ತು ಯಾಕೆ ದಂಡ ಕಟ್ಟಬೇಕು, ಸೀಟು ಹಾಗೇ ಇರಲಿ, ನಾಲ್ಕು ವರ್ಷ ಅಂದರೆ ನಾಲ್ಕು ವರ್ಷ. ತಿರುಗಿಸಬೇಕಾಗಿರೋದು ಸೀಟಲ್ಲ. ಗೊತ್ತು. ಹಿಂದಿನ ಬಾಗಿಲು ತೆಗೆದು ಕನ್ನಡಿಗೆ ಬೆರಳು ತಾಕಿಸಿದರೆ ಆಗೋ ಕೆಲಸ, ಅದಕ್ಕೆ ಇಷ್ಟು ದಿನ. ಅಂಗಡಿ ಬಂದ ಮೇಲೆ ಮಾಡ್ತೀನಿ, ದೀಪ ಆರಿಸುತ್ತಾಳೆ, ಟಕ್, ಅಂಗಡಿ ಹತ್ತಿರ ನಿಲ್ಲಿಸಿದ ತಕ್ಷಣ —

ಅಯ್ಯ ಅತ್ತಿಗೆ, ನಿಮ್ಮ ಕನ್ನಡಿ ಸೊಟ್ಟ ಆಗಿದೆಯಲ್ಲ, ಮಗೂಗೆ ಬರೀ ಛಾವಣಿ ಕಾಣ್ತಿದೆ, ಈಗ ಬ್ರೇಕ್ ಹಾಕಿದ್ರಲ್ಲ ಅದಕ್ಕೇ ಇರಬೇಕು, ತಡೀರಿ. ಬೇಡ ಅನ್ನೋ ಮೊದಲೇ ಕೈ ಚಾಚಿದ್ದಾಳೆ, ಹೊಟ್ಟೆ ಹಿಡಿದುಕೊಂಡು ಬಾಗಿ ಕನ್ನಡಿಯನ್ನು ಕೆಳಕ್ಕೆ ಒತ್ತುತ್ತಿದ್ದಾಳೆ, ಇವಳ ಕಣ್ಣು ಮೇಲೆ ಹೋಯಿತು, ಕನ್ನಡಿಯೊಳಗಿನ ಕನ್ನಡಿಯಲ್ಲಿ ಛಾವಣಿ ಜಾರಿತು, ಕಿಟಕಿ ಜಾರಿತು, ಮಗು ಬಂತು. ದುಂಡು ಮುಖ, ಹಣೆಗೆ ಅಂಟಿದ ಕೂದಲು, ಇಷ್ಟು ದೊಡ್ಡವಳಾಗಿದ್ದಾಳೆ ಈ ಕನ್ನಡಿಯಲ್ಲಿ, ಹಲ್ಲಿಲ್ಲದ ಕಾಲದಲ್ಲಿ ನೋಡಿದ್ದು. ತುಟಿ ಎಳೆಯೋಕೆ ಶುರುವಾಯ್ತು, ಬೇಡ ಅಂತ ತಡೆದಳು, ಇಳಿದ ಮುಖ ಇಳಿದ ಹಾಗೇ ಇಟ್ಟುಕೊಂಡಳು, ನೋಡು ಕಂದ, ಇದೇ ನಾನು, ಇಷ್ಟೇ. ಯಾರು ಪುಟ್ಟಿ ಅಲ್ಲಿ, ಯಾರದು ಹೇಳು, ಅಂತಿದ್ದಾಳೆ ನಾದಿನಿ. ಬುಗುರಿ ನೋಡಿತು. ಕನ್ನಡಿಯ ಆ ಅಂಚು ಈ ಅಂಚು ಹುಡುಕಿತು, ಇವಳ ಮುಖದ ಮೇಲಿಂದಲೇ ದಾಟಿಹೋಗಿ ಹುಡುಕಿತು, ಕೆಳತುಟಿ ಮುಂದೆ ಬಂತು. ಅಮ್ಮ ಹೋಯ್ತು. ಎಲ್ಲಿಗೆ ಹೋಯ್ತು, ಅಲ್ಲೇ ಇದೆಯಲ್ಲೇ ನಿನ್ನಮ್ಮ, ನಾದಿನಿ ನಗುತ್ತಿದ್ದಾಳೆ. ಇಲ್ಲ, ಅಮ್ಮ ಹೋಯ್ತು, ಈಗ ಅಳು, ಜೋರು ಅಳು, ಹಸಿರು ಬಿದ್ದಿದೆ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿವೆ, ಇವಳ ಎಡಗೈ ಎದ್ದು ಹೋಗಿ ಗುಂಡಿಯ ಮೇಲೆ ನಿಂತಿದೆ, ಒತ್ತೋದಿಲ್ಲ, ತೆಗೆಯೋದಿಲ್ಲ, ಅಮ್ಮ ಹೋಯ್ತು, ತಲೆಯ ಮೇಲೆ ಆ ದೀಪ, ಆರಿಸಿದ ದೀಪ, ಬೆರಳಿಗೆ ಇನ್ನೂ ಬೆಚ್ಚಗಿದೆ.